ನಲವತ್ತು ಅಡುಗೆ ಪುಸ್ತಕ, ಒಂದು ಪಾವು ನೆನೆಯದ ಬೇಳೆ

ಸ್ಕಿಪೋಲ್

ಡಚ್ಚರ ನಾಡಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ನನ್ನ ಹೆಂಡತಿ ಜಲಜಳ ಪೆಟ್ಟಿಗೆಯೊಳಗಿದ್ದ ಮಾವಿನಮಿಡಿ ಉಪ್ಪಿನಕಾಯಿ, ಹುಳಿಪುಡಿ, ಸಂಡಿಗೆ, ಹಪ್ಪಳ ಯಾವುವೂ ಯಾರ ಕಣ್ಣಿಗೂ ಬೀಳಲಿಲ್ಲ. ಅಧಿಕಾರಿ ತಡೆದು ತೆಗೆಸಿದ್ದು ನನ್ನ ಪೆಟ್ಟಿಗೆಯನ್ನು. ಆರೂವರೆ ಅಡಿ ಎತ್ತರದ ಆ ಮನುಷ್ಯ ಸೊಂಟ ಬಗ್ಗಿಸಿ, ಒಂದೊಂದೇ ಪುಸ್ತಕ ಎತ್ತಿ, ಪುಟ ಕೊಡವಿ ಕೆಳಗಿಟ್ಟ.

"ಇವೆಲ್ಲ ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅಡುಗೆ ಪುಸ್ತಕಗಳು."

"ಎಲ್ಲವೂ?"

"ಇಪ್ಪತ್ತೈದೂ."

"ನೀವು ಬಾಣಸಿಗರೇ?"

"ಅಲ್ಲ, ನಾನು ಓದುತ್ತೇನೆ."

ಅವನು ಜಲಜಳ ಮುಖ ನೋಡಿದ. ಯಾವ ದೇಶದವರಿಗೂ ಅರ್ಥವಾಗುವ ಹಾಗೆ ಅವಳು ನಿಟ್ಟುಸಿರು ಬಿಟ್ಟಳು. ಅವನು ನಕ್ಕು, ಪುಸ್ತಕಗಳನ್ನು ನಾನು ಜೋಡಿಸಿದ್ದಕ್ಕಿಂತ ಅಚ್ಚುಕಟ್ಟಾಗಿ ಪೆಟ್ಟಿಗೆಗೆ ತುಂಬಿ ಕಳಿಸಿದ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಮೈಸೂರಿನ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವವನಾಗಿದ್ದೆ. ವಿಮರ್ಶೆಗೆಂದು ಬಂದ ಪುಸ್ತಕಗಳಲ್ಲಿ ಕಾದಂಬರಿಗಳನ್ನು ಪ್ರೊಫೆಸರುಗಳು ಒಯ್ಯುತ್ತಿದ್ದರು, ಕವನ ಸಂಕಲನಗಳನ್ನು ಕವಿಗಳು ಒಯ್ಯುತ್ತಿದ್ದರು. ಅಡುಗೆ ಪುಸ್ತಕಗಳು ಕಿಟಕಿಯ ಮೇಲೆ ಧೂಳು ತಿನ್ನುತ್ತ ಕೂತಿರುತ್ತಿದ್ದವು. ಅವನ್ನು ಓದತೊಡಗಿದ ನಾನು ಹದಿನೆಂಟು ವರ್ಷ ಅವುಗಳ ವಿಮರ್ಶೆ ಬರೆದೆ. ಬೇರೆಯವರು ಪತ್ತೇದಾರಿ ಕಾದಂಬರಿ ಓದುವ ಹಾಗೆ ನಾನು ಮಲಗಿಕೊಂಡು ಪಾಕವಿಧಾನ ಓದುತ್ತೇನೆ. ಒಲೆ ಹಚ್ಚಿದವನಲ್ಲ. ಈ ಎರಡನೆಯ ಸಂಗತಿಯನ್ನು ಯಾರೂ ಕೇಳಲಿಲ್ಲವಾದ್ದರಿಂದ ನಾನೂ ಹೇಳಿರಲಿಲ್ಲ.

ಆಮ್ಸ್ಟೆಲ್‌ವೀನ್‌ನಲ್ಲಿರುವ ಜಲಜಳ ತಂಗಿಯ ಮಗಳು ಶ್ರುತಿ ನಮ್ಮನ್ನು ಕರೆಸಿಕೊಂಡದ್ದು ಈ ಹೆಸರಿನ ಮೇಲೆಯೇ. ಅಲ್ಲಿನ ಕನ್ನಡದ ಮನೆಗಳವರು ಸೇರಿ ಒಂದು ಕಪಾಟು ಅಡುಗೆ ಪುಸ್ತಕ ಇಡುತ್ತಾರೆ, ಓದಲು ಯೋಗ್ಯವಾದ ನಲವತ್ತನ್ನು ದೊಡ್ಡಪ್ಪ ಆರಿಸಿಕೊಡಬೇಕು ಅಂತ. ಇಪ್ಪತ್ತೈದು ಊರಿನಿಂದ, ಹದಿನಾಲ್ಕು ಅಲ್ಲಿಯೇ ಹುಡುಕಿ. ಲೆಕ್ಕ ಹಾಕಿದರೆ ಒಂದು ಕಡಿಮೆ. ಆ ಒಂದು ಜಾಗವನ್ನು ನಾನು ಮನಸ್ಸಿನಲ್ಲೇ ತೆಗೆದಿಟ್ಟಿದ್ದೆ. ನಾನು ಬರೆದ ಒಂದೇ ಒಂದು ಪುಸ್ತಕ, 'ಅಡುಗೆಮನೆಯ ಹೊಸ್ತಿಲಲ್ಲಿ', ಆ ಕಪಾಟಿನಲ್ಲಿ ಕೂರಬೇಕು. ಅದಕ್ಕಾಗಿಯೇ ಏಳು ಸಮುದ್ರ ದಾಟಿ ಬಂದೆ ಎಂದರೂ ಸುಳ್ಳಲ್ಲ. ಪ್ರತಿಯನ್ನು ಮೂರು ತಿಂಗಳ ಮೊದಲೇ ಅಂಚೆಯಲ್ಲಿ ಶ್ರುತಿಗೆ ಕಳಿಸಿದ್ದೆ.

ಕಾರಿನಲ್ಲಿ ಕೂತ ತಕ್ಷಣ ಜಲಜ ತನ್ನ ಪ್ರಣಾಳಿಕೆ ಪ್ರಕಟಿಸಿದಳು. "ನೋಡೇ ಶ್ರುತಿ, ನಾನು ಟೂರಿಗೆ ಬಂದಿದ್ದೀನಿ. ಮೂರು ವಾರ ನಿನ್ನ ಒಲೆ ಮುಟ್ಟಲ್ಲ. ಪುಡಿ ತಂದಿದ್ದೀನಿ, ಉಪ್ಪಿನಕಾಯಿ ತಂದಿದ್ದೀನಿ, ಕೈ ತಂದಿಲ್ಲ."

"ಡೋಂಟ್ ವರಿ ದೊಡ್ಡಮ್ಮ, ದೊಡ್ಡಪ್ಪ ಇದ್ದಾರಲ್ಲ," ಎಂದಳು ಶ್ರುತಿ.

ನಾನು ಕಿಟಕಿಯ ಹೊರಗಿನ ಹಸುಗಳನ್ನು ನೋಡತೊಡಗಿದೆ.

ಆಮ್ಸ್ಟೆಲ್‌ವೀನ್, ಮೊದಲ ಬೆಳಿಗ್ಗೆ

ಶ್ರುತಿಯ ಎಂಟು ವರ್ಷದ ಮಗಳು ಆದ್ಯಾ ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಡಬ್ಬಿಯಿಂದ ಕಪ್ಪು ಸಾಸಿವೆಯಂಥದ್ದನ್ನು ಧಾರಾಳವಾಗಿ ಸುರಿದುಕೊಂಡಳು. ಒಗ್ಗರಣೆಯನ್ನು ತಣ್ಣಗೆ ತಿನ್ನುವ ಪದ್ಧತಿ ಇರಬಹುದೆಂದು ನಾನೂ ಸುರಿದುಕೊಂಡೆ. ಅದು ಚಾಕಲೇಟಿನ ಕಾಳು. ಒಂದು ಇಡೀ ರಾಷ್ಟ್ರ ಬೆಳಗಿನ ತಿಂಡಿಗೆ ಇದನ್ನು ತಿಂದು, ಆಮೇಲೆ ಗಂಭೀರವಾಗಿ ಆಫೀಸಿಗೆ ಹೋಗುತ್ತದೆ.

"ತಾತ, ಡು ಯು ಲೈಕ್ ಇಟ್?" ಎಂದಳು ಆದ್ಯಾ.

"ಚೆನ್ನಾಗಿದೆ ಪುಟ್ಟಿ. ಇದನ್ನ ಮಾಡೋದು ಹೇಗೆ?"

"ಯು ಜಸ್ಟ್ ಪೋರ್ ಇಟ್."

ಒಂದೇ ಸಾಲಿನ ಪಾಕವಿಧಾನ, ಒಂದೂ ತಪ್ಪಿಲ್ಲ. ಜಲಜ ಎರಡನೆಯ ಸಲ ಸುರಿದುಕೊಂಡಳು.

ಕಪಾಟಿನ ನಿಯಮವನ್ನು ಶ್ರುತಿ ವಿವರಿಸಿದ್ದು ಆಗ. ಬಡಾವಣೆಯಲ್ಲಿ ಎಲ್ಲರಿಗೂ ಸೇರಿದ ಒಂದು ಕಟ್ಟಡವಿದೆ, ಅದರಲ್ಲಿ ಒಂದು ದೊಡ್ಡ ಅಡುಗೆಮನೆ, ಪಕ್ಕದಲ್ಲಿ ಪುಸ್ತಕದ ಕೋಣೆ. ಟರ್ಕಿಯವರಿಗೊಂದು ಕಪಾಟು, ಸುರಿನಾಮಿನವರಿಗೊಂದು, ಈಗ ನಮಗೊಂದು. ನೋಡಿಕೊಳ್ಳುವುದು ಅಡುಗೆ ಕೂಟದ ಹಿರಿಯರು. ದೇಶ ಭಾಷೆ ಏನೇ ಇರಲಿ, ಕೂಟದ ಯಾರಾದರೊಬ್ಬರು ಆ ಪುಸ್ತಕದಿಂದ ಮೂರು ಅಡುಗೆ ಮಾಡಿ ನೋಡಿ, ಆದದ್ದು ಆಗದ್ದು ಫೈಲಿನಲ್ಲಿ ಬರೆದಿಡಬೇಕು. ಅಡುಗೆ ಸರಿಬಂದರೆ ಮಾತ್ರ ಪುಸ್ತಕ ಕಪಾಟಿಗೆ. ನಮ್ಮ ಪುಸ್ತಕಗಳಿಗೆ ಗೊತ್ತುಮಾಡಿದ್ದು ಪಕ್ಕದ ಬೀದಿಯ ಮಾರೈಕೆಯನ್ನು. ಕನ್ನಡವನ್ನು ಶ್ರುತಿ ಬುಧವಾರ ಬುಧವಾರ ಇಂಗ್ಲಿಷಿಗೆ ಮಾಡಿ ಹೇಳುತ್ತಾಳೆ.

"ನನ್ನದೂ ಮಾಡಿ ನೋಡಿದ್ರಾ?" ಎಂದೆ, ಗಾಳಿಯ ಬಗ್ಗೆ ವಿಚಾರಿಸುವ ದನಿಯಲ್ಲಿ.

"ನಿಮ್ಮದೇ ಫಸ್ಟ್ ದೊಡ್ಡಪ್ಪ. ಅವರೇ ಮಾತಾಡ್ತಾರೆ ಬಿಡಿ." ಶ್ರುತಿ ಥಟ್ಟನೆ ಎದ್ದು ಲೋಟ ತೊಳೆಯಲು ಹೋದಳು. ನನಗೆ ಅದು ಸಂತೋಷವನ್ನು ಮುಚ್ಚಿಡುವ ಪ್ರಯತ್ನದಂತೆ ಕಂಡಿತು.

ರಾಟರ್‌ಡ್ಯಾಮ್

ಮಾರೈಕೆ ಎಪ್ಪತ್ತರ ಹೆಂಗಸು. ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟಿದವಳು. ಕೈ ಕುಲುಕುವಾಗಲೂ ಇಷ್ಟೇ ಗ್ರಾಂ ಎಂದು ಅಳೆದು ಕುಲುಕಿದಂತಿತ್ತು. ನನ್ನ ಪುಸ್ತಕದ ಬಗ್ಗೆ ಕೇಳಿದ್ದಕ್ಕೆ ಚೀಲದಿಂದ ಡೈರಿ ತೆಗೆದು, "ಅದಕ್ಕೆ ಗುರುವಾರ ಸಂಜೆ ಆರು ಗಂಟೆ ಇಟ್ಟುಕೊಂಡಿದ್ದೇನೆ, ನಮ್ಮ ಮನೆಯಲ್ಲಿ ಊಟ. ಇವತ್ತು ಕೊಳ್ಳುವ ದಿನ," ಎಂದಳು. ಈ ದೇಶದಲ್ಲಿ ಹೊಗಳಿಕೆಗೂ ಮೊದಲೇ ಸಮಯ ಗೊತ್ತುಮಾಡಬೇಕು.

ಹಳೆಯ ಸಾಮಾನಿನ ಅಂಗಡಿಗೆ ಕ್ರಿಂಗ್‌ಲೋಪ್ ಎನ್ನುತ್ತಾರೆ. ರಾಟರ್‌ಡ್ಯಾಮಿನಲ್ಲಿ ನಾವು ಹೋದದ್ದು ಗೋದಾಮಿನಷ್ಟು ದೊಡ್ಡದು. ಕುರ್ಚಿ, ಸೈಕಲ್ಲು, ಯಾರದೋ ಮದುವೆಯ ಪಿಂಗಾಣಿ, ಕೊನೆಯಲ್ಲಿ ಒಂದು ಇಡೀ ಗೋಡೆ ಅಡುಗೆ ಪುಸ್ತಕ. ನಾನು ನೇರ ಅಲ್ಲಿಗೆ ನಡೆದೆ. ಅಲ್ಲಿಯ ಕೆಲಸದವರಿಗೆ ಪುರುಸೊತ್ತು ಹೆಚ್ಚಿರಬೇಕು, ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದರು. ಮೀನಿನ ಅಡುಗೆಯೂ ಮಧುಮೇಹದ ಪಥ್ಯವೂ ನೀಲಿಯಲ್ಲಿ ಒಟ್ಟಿಗಿದ್ದವು.

ಆರಿಸುವುದರಲ್ಲಿ ನನ್ನದೇ ಸೂತ್ರಗಳಿವೆ. ಚಿತ್ರ ಹೆಚ್ಚಿರುವ ಪುಸ್ತಕ ಬೇಡ. ಅದು ಮದುವೆ ಆಲ್ಬಮ್ಮಿನ ಹಾಗೆ, ಒಡೆಯರು ಮಾತ್ರ ಮತ್ತೆ ಮತ್ತೆ ನೋಡುತ್ತಾರೆ. ಅಜ್ಜಿಯನ್ನು ದೇವತೆ ಮಾಡಿದ್ದು ಬೇಡ. ನಿಜವಾದ ಅಜ್ಜಿಯರು ಒಂದಲ್ಲ ಒಂದು ದಿನ ಸಾರಿಗೆ ಉಪ್ಪು ಮರೆತಿರುತ್ತಾರೆ. ಪ್ರತಿ ಸಾಲಿಗೂ 'ರುಚಿಗೆ ತಕ್ಕಷ್ಟು' ಎನ್ನುವವನು ಕೆಲಸ ಕದಿಯುವವನು. ಒಳ್ಳೆಯ ಪುಸ್ತಕದಲ್ಲಿ ಒಂದು ಜಗಳವಿರಬೇಕು, ಬದನೆಕಾಯಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ. ಮತ್ತೆ, ಒಂದೂ ಪಾಕವಿಧಾನವಿಲ್ಲದಿದ್ದರೂ ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡುವ ಹಾಗಾದರೆ ಅದೇ ಆಹಾರ ಸಾಹಿತ್ಯ. ಇದನ್ನೆಲ್ಲ ಮಾರೈಕೆಗೆ ಕೈಯಾಡಿಸಿಕೊಂಡು ಹೇಳಿದೆ.

ಅವಳು ಸಮಾಧಾನವಾಗಿ ಕೇಳಿಸಿಕೊಂಡಳು. ಆಮೇಲೆ ಒಂದು ಕೆಂಪು ಪುಸ್ತಕ ತೆಗೆದು, ಬೆನ್ನನ್ನು ಮೇಜಿನ ಮೇಲಿಟ್ಟು ಎರಡೂ ಕೈ ಬಿಟ್ಟಳು. ಅದು ತಾನಾಗಿ ಒಂದು ಪುಟಕ್ಕೆ ತೆರೆದುಕೊಂಡಿತು. ಸೇಬಿನ ಕೇಕು. ಪುಟದ ಮೇಲೆ ಬೆಣ್ಣೆಯ ಕಲೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಏನೋ ಗೀಚಿತ್ತು.

"ಏನು ಬರೆದಿದೆ?"

"'ಸಕ್ಕರೆ ಅರ್ಧ ಸಾಕು. ಹೆಂಕ್‌ನ ತಾಯಿ ಏನೇ ಹೇಳಲಿ,'" ಎಂದು ಓದಿ ಹೇಳಿದಳು. "ಇದನ್ನು ತೆಗೆದುಕೊಳ್ಳಿ. ಇದರಲ್ಲಿ ಅಡುಗೆ ಮಾಡಿದ್ದಾರೆ."

ಹೊಸದರಂತೆ ಹೊಳೆಯುವ ಇನ್ನೊಂದನ್ನು ಬಿಟ್ಟಳು. ಅದು ಎಲ್ಲಿಯೂ ತೆರೆಯದೆ ಪಟ್ಟಾಗಿ ಮುಚ್ಚಿಕೊಂಡು ಬಿತ್ತು. "ಇದು ಉಡುಗೊರೆ ಬಂದದ್ದು," ಎಂದು ವಾಪಸ್ಸಿಟ್ಟಳು.

ಹದಿನೆಂಟು ವರ್ಷ ನಾನು ಕಲೆಯಿರುವ ಪ್ರತಿಗಳನ್ನು ಮುಟ್ಟುತ್ತಲೇ ಇರಲಿಲ್ಲ. ಇದ್ದ ಹೆಮ್ಮೆಯಲ್ಲಿ ಒಂದು ಪಾಲು ಅಲ್ಲಿಯೇ ಇಳಿಯಿತು. ಅಷ್ಟರಲ್ಲಿ ಜಲಜ ಎರಡು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. ಅವಳು ಪ್ರತಿ ಅಡುಗೆಯ ಕೊನೆಯ ಸಾಲನ್ನು ಮಾತ್ರ ನೋಡುತ್ತಿದ್ದಳು.

"ಅದೇನು ನೋಡ್ತಿದ್ದೀಯ?"

"ಉಳಿದಿದ್ದನ್ನ ನಾಳೆ ಏನ್ಮಾಡ್ಬೇಕು ಅಂತ ಬರೆದಿದ್ದಾರಾ ಅಂತ. ಬರೆದಿದ್ರೆ ಮಾಡಿದವರೇ ಬರೆದಿರ್ತಾರೆ."

ಮಾರೈಕೆಗೆ ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಡೈರಿ ತೆಗೆದು ಅದನ್ನು ಬರೆದುಕೊಂಡಳು. ನನ್ನ ಐದು ಸೂತ್ರಗಳಲ್ಲಿ ಒಂದನ್ನೂ ಬರೆದುಕೊಂಡಿರಲಿಲ್ಲ. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಹೂಫ್‌ಡಾರ್ಪ್, ಹೋಗಬೇಕಿರದ ಊರು

ಮಾರೈಕೆ ತಂಗಿಯ ಮನೆಗೆಂದು ರಾಟರ್‌ಡ್ಯಾಮಿನಲ್ಲೇ ಉಳಿದಳು. ರೈಲು ಇಳಿದು ಸ್ಕಿಪೋಲ್‌ನಲ್ಲಿ ಬಸ್ಸು ಹಿಡಿಯುವುದು ನನ್ನ ಜವಾಬ್ದಾರಿಯಾಯಿತು. "ಕೇಳೋಣ ರೀ," ಎಂದಳು ಜಲಜ. "ಓದು ಬರಹ ಬರುತ್ತಲ್ಲ ನಂಗೆ," ಎಂದು ಹದಿನಾಲ್ಕು ಪುಸ್ತಕದ ಚೀಲ ಎಳೆದುಕೊಂಡು ಬಸ್ಸು ಹತ್ತಿದೆ. ಅರ್ಧ ಗಂಟೆಯಲ್ಲಿ ನಾವು ಗಾಜಿನ ಕಟ್ಟಡಗಳ ನಡುವೆ ಇಳಿದಿದ್ದೆವು. ಸುತ್ತ ಒಂದು ಮನೆಯಿಲ್ಲ, ಅಂಗಡಿಯಿಲ್ಲ. ಗಾಳಿ ಮಾತ್ರ ನಮ್ಮನ್ನು ಎರಡೂ ಕಡೆಯಿಂದ ವಿಚಾರಿಸಿಕೊಳ್ಳುತ್ತಿತ್ತು. ಜಲಜ ಏನೂ ಅನ್ನಲಿಲ್ಲ. ಅನ್ನದೆ ಇರುವುದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿದೆ.

"ಇದ್ಯಾವ ದರಿದ್ರ ಬಸ್ಸೋ," ಎಂದು ನಾನು ಗೊಣಗಿದ್ದು ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಹೆಂಗಸಿಗೆ ಕೇಳಿಸಿತು.

"ಬಸ್ಸೇನ ತಪ್ಪ್ ಮಾಡೇತ್ರಿ ಪಾಪ, ನೀವಾ ಹತ್ತೀರಿ," ಎಂದಳು ಆಕೆ. ಹೆಸರು ಸಾವಿತ್ರಿ, ಗದಗದ ಕಡೆಯವಳು, ಅಲ್ಲೇ ಒಂದು ಕಂಪನಿಯಲ್ಲಿ ಇಂಜಿನಿಯರ್. ಸರಿಯಾದ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ ಎಂದು ಹೇಳಿ ಚೀಲದ ಕಡೆ ನೋಡಿದಳು. "ಅಷ್ಟ ಭಾರದ್ದು ಏನೈತ್ರಿ ಅದ್ರಾಗ?"

ಅಡುಗೆ ಪುಸ್ತಕವೆಂದು ಹೇಳಿ, ಯಾವುದು ಬೇಕಾದರೂ ಕೇಳಿ, ಎಂದೆ ಠೀವಿಯಿಂದ.

"ಒಬ್ಬರಿಗೆ ಅಂತ ಅಳತಿ ಬರದದ್ದು ಐತೇನ್ರಿ?"

ಹುಡುಕಿದೆ. ನಾಲ್ಕು ಜನರಿಗೆ ಇತ್ತು, ಆರು ಜನರಿಗೆ ಇತ್ತು. ಊರಿನಿಂದ ತಂದವುಗಳಲ್ಲಿ ಒಂದು ನೂರು ಎಲೆಯ ಊಟಕ್ಕೆ ಅಳತೆ ಕೊಟ್ಟಿದ್ದು ನೆನಪಾಯಿತು.

"ನಮ್ಮವ್ವ ಫೋನಿನ್ಯಾಗ ಹೇಳೂದೆಲ್ಲ ಹತ್ತ ಮಂದಿ ಅಳತಿ," ಎಂದಳು ಸಾವಿತ್ರಿ. "ನಾ ಇಲ್ಲಿ ಒಬ್ಬಾಕಿ. ಒಮ್ಮೆ ಝುಣಕಾ ಮಾಡಿದ್ರ ಐದ್ ದಿನ ಅದನ್ನ ತಿಂತೀನ್ರಿ. ಬುಧವಾರ ಬರೂದ್ರಾಗ ಝುಣಕದ ಮ್ಯಾಲೆ ಸಿಟ್ಟ್ ಬರತೈತಿ. ಒಬ್ಬರ ಪುಸ್ತಕ ಬರದ್ರ ನನಗೊಂದ್ ಹೇಳ್ರಿ."

ನಗುತ್ತಲೇ ಹೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷದ ವಿಮರ್ಶೆಯಲ್ಲಿ 'ಎಷ್ಟು ಜನಕ್ಕೆ' ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಜಲಜ ಅವಳ ಪಕ್ಕ ಕೂತು, ಒಂದು ಹಿಡಿ ಕಡಲೆಹಿಟ್ಟಿಗೆ ನೀರೆಷ್ಟು, ಎಣ್ಣೆ ಎಷ್ಟು ಎಂದು ಬೆರಳಿನಲ್ಲಿ ಗೆರೆ ತೋರಿಸಿ ಹೇಳಿಕೊಟ್ಟಳು. ಬಸ್ಸು ಬರುವಷ್ಟರಲ್ಲಿ ಸಾವಿತ್ರಿ ಅದನ್ನು ಫೋನಿನಲ್ಲಿ ಬರೆದುಕೊಂಡು ಮುಗಿಸಿದ್ದಳು.

ಮಾರೈಕೆಯ ಮನೆ, ಗುರುವಾರ, ಆರು ಗಂಟೆ

ಆರು ಗಂಟೆಯೆಂದರೆ ಆರೂಕಾಲು ಎಂದುಕೊಂಡು ನಾವು ಹೊರಟೆವು. ಇಲ್ಲಿ ಕಿಟಕಿಗಳಿಗೆ ಪರದೆಯಿಲ್ಲ. ರಸ್ತೆಯಿಂದಲೇ ಮಾರೈಕೆ ಮೇಜಿನ ಮುಂದೆ ಕೈಕಟ್ಟಿ ಗಡಿಯಾರ ನೋಡುತ್ತ ಕೂತಿದ್ದು ಕಂಡಿತು. ಜಲಜ ಓಡಿದಳು, ನಾನೂ ಓಡಿದೆ.

ಊಟಕ್ಕೆ ಆಲೂಗಡ್ಡೆಯನ್ನು ಯಾವುದೋ ಸೊಪ್ಪಿನೊಂದಿಗೆ ಬೇಯಿಸಿ ಹಿಸುಕಿದ ಮುದ್ದೆ. ನಡುವೆ ಗುಳಿ ಮಾಡಿ ಅದರಲ್ಲಿ ಸಾರಿನಂಥದ್ದನ್ನು ಬಿಟ್ಟಳು. ಇದು ನಮ್ಮ ಕಡೆಯದೇ ಅನ್ನಿಸಿ, ಕೈಹಾಕಲು ಹೋಗಿ ಜಲಜಳ ಕಣ್ಸನ್ನೆಗೆ ಚಮಚ ಹಿಡಿದೆ. ಊಟದ ನಂತರ ಕಾಫಿ ಬಂತು, ಜೊತೆಗೆ ತಲೆಗೊಂದು ಬಿಸ್ಕತ್ತು. ಡಬ್ಬಿಯ ಮುಚ್ಚಳ ಟಪ್ ಎಂದು ಮುಚ್ಚಿಕೊಂಡಿತು. ಬಳಿಕ ಫೈಲು ಹೊರಬಿತ್ತು.

"ಮೊದಲನೆಯದು ದೋಸೆ," ಎಂದಳು. "ನಿಮ್ಮ ಪುಸ್ತಕ 'ಹಿಟ್ಟನ್ನು ಕಾದ ಕಾವಲಿಯ ಮೇಲೆ ಹುಯ್ಯಿರಿ' ಎಂದು ಶುರುವಾಗುತ್ತದೆ. ಯಾವ ಹಿಟ್ಟು ಎಂದಿಲ್ಲ. ನಾನು ಗೋಧಿಹಿಟ್ಟು ಕಲಸಿದೆ. ಬಂದದ್ದು ನಮ್ಮ ದೇಶದ ಪ್ಯಾನ್‌ಕೇಕು. ಅದು ನಮಗೆ ಮೊದಲೇ ಗೊತ್ತಿತ್ತು."

ನಾನು ಬಿಸ್ಕತ್ತನ್ನು ಕಚ್ಚಿದೆ.

"ಎರಡನೆಯದು ಬಿಸಿಬೇಳೆ ಭಾತು. 'ಮನೆಯ ಪುಡಿ ಮೂರು ಚಮಚ' ಎಂದಿದೆ. ಯಾರ ಮನೆಯದು?"

ನಾನು ಬಿಸ್ಕತ್ತಿನ ಪುಡಿ ಒರೆಸಿಕೊಂಡೆ.

"ಮೂರನೆಯದು ನುಚ್ಚಿನುಂಡೆ. ಅದರಲ್ಲಿ ಸಬ್ಬಸಿಗೆ ಸೊಪ್ಪಿದೆ, ನಮಗದು ಪ್ರೀತಿ. ಹಾಗಾಗಿ ಆಸೆಯಿಂದ ಮಾಡಿದೆ. 'ತೊಗರಿಬೇಳೆಯನ್ನು ತರಿತರಿಯಾಗಿ ರುಬ್ಬಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ.' ಅಷ್ಟೇ. ಬೇಳೆಯನ್ನು ಹಾಗೇ ರುಬ್ಬಿದೆ. ಮಿಕ್ಸರಿನ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಉಂಡೆ ಕಟ್ಟಲು ಬರಲಿಲ್ಲ, ನೀರು ಹಾಕಿ ಕಟ್ಟಿದೆ. ನಲವತ್ತು ನಿಮಿಷ ಬೇಯಿಸಿ ಒಂದನ್ನು ಕಚ್ಚಿದೆ. ಮರುದಿನ ಹಲ್ಲಿನ ಡಾಕ್ಟರನ್ನು ಕಾಣಬೇಕಾಯಿತು." ಫೈಲಿನಲ್ಲಿ ತಾರೀಖು ಸಮೇತ ಬರೆದಿತ್ತು.

"ಬೇಳೆ ನೆನೆಸಬೇಕು," ಎಂದೆ ಸಣ್ಣ ದನಿಯಲ್ಲಿ. "ನಮ್ಮಲ್ಲಿ ಅದು ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿದ್ದರೆ ಪುಸ್ತಕ ಯಾಕೆ?" ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಔಷಧಿ ಚೀಟಿಯಲ್ಲಿ ತಪ್ಪು ಕಂಡವಳ ಹಾಗೆ ಕೇಳುತ್ತಿದ್ದಳು. "ಒಂದು ಪ್ರಶ್ನೆ. ನೀವು ಇದನ್ನು ಎಂದಾದರೂ ಮಾಡಿದ್ದೀರಾ?"

ಪುಸ್ತಕ ಬಿಡುಗಡೆಯ ದಿನ ನಾಲ್ವರು ಭಾಷಣ ಮಾಡಿದ್ದರು. ಹಾರ ಹಾಕಿದ್ದರು. ನನ್ನ ಕೈರುಚಿಯನ್ನು ಒಬ್ಬರು ಹಾಡಿ ಹೊಗಳಿದ್ದರು. ಈ ಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ. ನಮ್ಮಲ್ಲಿ ಹಾಗೆಲ್ಲ ಕೇಳುವುದಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ ಅಂತ.

"ಇಲ್ಲ," ಎಂದೆ.

ನಡೆದದ್ದು ಇಷ್ಟು. ನಾನು ಬೆಳಿಗ್ಗೆ ಏಳೂವರೆಗೆ ಎದ್ದು, ಪತ್ರಿಕೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. ಕಂಡದ್ದನ್ನು ಬರೆದುಕೊಳ್ಳುತ್ತಿದ್ದೆ. ನಾನು ಹೋಗುವ ಹೊತ್ತಿಗೆ ಬೇಳೆ ನೆಂದಿರುತ್ತಿತ್ತು, ಹಿಟ್ಟು ಹುದುಗಿರುತ್ತಿತ್ತು, ಹುಣಸೆಹಣ್ಣು ಕಿವುಚಿ ರಸ ತೆಗೆದಿರುತ್ತಿತ್ತು, ಪುಡಿ ಡಬ್ಬಿಯಲ್ಲಿರುತ್ತಿತ್ತು. ಹಾಗಾಗಿ ನನ್ನ ಪುಸ್ತಕದಲ್ಲಿ ಎಲ್ಲ ಅಡುಗೆಯೂ ಏಳೂವರೆಗೇ ಶುರುವಾಗುತ್ತದೆ.

ಮಾರೈಕೆ ಮುಂದಿನ ಹಾಳೆ ತಿರುವಿದಳು. "ಮುನ್ನುಡಿಯ ಕೊನೆಯಲ್ಲಿ, ಹೊತ್ತುಹೊತ್ತಿಗೆ ಕಾಫಿ ಕೊಟ್ಟ ಹೆಂಡತಿಗೆ ಎಂದು ವಂದನೆ ಹೇಳಿದ್ದೀರಿ. ಕಾಫಿ ಇವರು ಮಾಡಿದ್ದು, ಸರಿ. ಊಟ ಯಾರು ಮಾಡಿದ್ದು?"

ಜಲಜಳಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಅವಳು ಕಾಫಿಯ ಲೋಟವನ್ನೇ ನೋಡುತ್ತಿದ್ದಳು. ಅಷ್ಟು ನಾಚಿಕೆ ನನಗೆ ಶಾಲೆಯಲ್ಲಿ ನಪಾಸಾದಾಗಲೂ ಆಗಿರಲಿಲ್ಲ.

ವಾಪಸು ನಡೆಯುವಾಗ ಕಾಲುವೆಯ ಬಾತುಕೋಳಿಗಳ ಹತ್ತಿರ ಕೇಳಿದೆ, "ಪುಸ್ತಕದಲ್ಲಿ ಇಷ್ಟು ತಪ್ಪಿದೆ ಅಂತ ನಿಂಗೆ ಗೊತ್ತಿತ್ತಾ?"

"ನಾನು ಓದಿಲ್ವಲ್ಲ."

"ಓದಿಲ್ವಾ? ಮನೇಲೇ ಇನ್ನೂರು ಪ್ರತಿ ಇದೆ."

"ಮುನ್ನುಡಿ ಓದಿದೆ. ಎಲ್ಲರ ಹೆಸರೂ ಇತ್ತು. ಪ್ರೆಸ್ಸಿನವರದ್ದು, ಬೈಂಡಿಂಗ್ ಮಾಡಿದವರದ್ದು. ಕೊನೇಗೆ ನಂದು ಕಾಫಿ ಅಂತ ಇತ್ತು, ಹೆಸರಿರ್ಲಿಲ್ಲ. ಮುಚ್ಚಿಟ್ಟೆ." ಸ್ವಲ್ಪ ದೂರ ನಡೆದು ಹೇಳಿದಳು, "ಬೇಜಾರಾಗಿತ್ತು ರೀ ಆವತ್ತು. ತುಂಬಾ."

 

ಶನಿವಾರ, ಕಪಾಟಿನ ಮುಂದೆ

ಇಪ್ಪತ್ತು ಮನೆಗಳವರು ಬಂದಿದ್ದರು. ಮಕ್ಕಳು ಡಚ್ಚಿನಲ್ಲಿ ಜಗಳಾಡುತ್ತಿದ್ದರು, ಅಪ್ಪಂದಿರು ಇಂಗ್ಲಿಷಿನಲ್ಲಿ ಗದರುತ್ತಿದ್ದರು, ಅಮ್ಮಂದಿರು ಕನ್ನಡದಲ್ಲಿ ಇಬ್ಬರನ್ನೂ. ಕಪಾಟಿನಲ್ಲಿ ಮೂವತ್ತೊಂಬತ್ತು ಪುಸ್ತಕ ಸಾಲಾಗಿ ನಿಂತಿದ್ದವು. ಹೊಸದಾಗಿ ಬಂದವುಗಳ ಮೂರು ಅಡುಗೆ ಬರುವ ತಿಂಗಳುಗಳಲ್ಲಿ ಆಗಬೇಕು, ಅಲ್ಲಿಯವರೆಗೆ ಹಸಿರು ಚೀಟಿ ಅಂಟಿಸಿ ಇಡಬಹುದು. ನಲವತ್ತನೆಯ ಜಾಗ ಖಾಲಿಯಿತ್ತು. ನನ್ನ ಪುಸ್ತಕ ಮೇಜಿನ ಮೇಲೆ ಮಾರೈಕೆಯ ಫೈಲಿನ ಪಕ್ಕದಲ್ಲಿತ್ತು.

ಶ್ರುತಿ ಕಿವಿಯ ಹತ್ತಿರ ಬಂದು, "ದೊಡ್ಡಪ್ಪ, ಸುಮ್ನೆ ಇಟ್ಬಿಡೋಣ. ನಮ್ಮವರು ಯಾರು ಹೋಗಿ ಫೈಲ್ ಓದ್ತಾರೆ? ಮಾರೈಕೆಗೆ ನಾನು ಎಕ್ಸ್‌ಪ್ಲೇನ್ ಮಾಡ್ತೀನಿ," ಎಂದಳು.

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಕೈ ಪುಸ್ತಕದ ಮೇಲೆ ಹೋಗಿಯೂ ಹೋಯಿತು. ಆಗ ಮೊದಲ ಸಾಲಿನಲ್ಲಿ ಹೊಸ ಸೀರೆಯುಟ್ಟು ಕೂತಿದ್ದ ಜಲಜ ಕಂಡಳು. ನನ್ನ ಭಾಷಣವಿದ್ದಲ್ಲೆಲ್ಲ ಅವಳು ಹಾಗೆಯೇ ಬಂದು ಮೊದಲ ಸಾಲಿನಲ್ಲಿ ಕೂರುತ್ತಾಳೆ.

ಬರೆದುಕೊಂಡು ಹೋಗಿದ್ದ ಭಾಷಣವನ್ನು ಜೇಬಿನಲ್ಲಿಟ್ಟೆ. ಪುಸ್ತಕ ಆರಿಸುವುದು ಹೇಗೆ ಎಂದು ನಾನು ಈ ಪ್ರವಾಸದಲ್ಲಿ ಕಲಿತದ್ದನ್ನು ಹೇಳಿದೆ. ಬೆನ್ನ ಮೇಲೆ ನಿಲ್ಲಿಸಿ ಕೈಬಿಡಿ, ಎಲ್ಲಿ ತೆರೆದುಕೊಳ್ಳುತ್ತದೆ ನೋಡಿ. ಉಳಿದದ್ದನ್ನು ಏನು ಮಾಡಬೇಕೆಂದು ಬರೆದಿದೆಯೇ ನೋಡಿ. ಒಬ್ಬರಿಗೆ ಅಳತೆ ಇದೆಯೇ ಕೇಳಿ. ಮಾಡಿದವರು ಯಾರು ಎಂದು ಮುನ್ನುಡಿಯಲ್ಲಿ ಹುಡುಕಿ. "ಇದರಲ್ಲಿ ಒಂದೂ ನನ್ನ ಸೂತ್ರವಲ್ಲ. ಈ ನಾಲ್ಕರಲ್ಲೂ ನನ್ನ ಪುಸ್ತಕ ನಪಾಸು," ಎಂದೆ. ನಾನು ಒಲೆ ಹಚ್ಚಿದವನಲ್ಲ ಎಂಬುದನ್ನೂ ಹೇಳಿದೆ. ಸಭೆ ನಿಶ್ಶಬ್ದವಾಯಿತು. ಅದುವರೆಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.

ಪೆನ್ನು ತೆಗೆದು, ಪುಸ್ತಕದ ಮುಖಪುಟದಲ್ಲಿದ್ದ ನನ್ನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದು, ಅದರ ಮೇಲೆ ದೊಡ್ಡದಾಗಿ 'ಜಲಜ' ಎಂದು ಬರೆದು ಎತ್ತಿ ಹಿಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಫೋಟೊ ತೆಗೆದರು. ನನ್ನ ತ್ಯಾಗಕ್ಕೆ ನಾನೇ ಕರಗಿಹೋಗಿದ್ದೆ.

ಜಲಜ ಎದ್ದು ಬಂದು ಪುಸ್ತಕವನ್ನು ಕೈಗೆ ತೆಗೆದುಕೊಂಡು ನೋಡಿದಳು.

"ಇಷ್ಟೊಂದು ತಪ್ಪಿರೋ ಪುಸ್ತಕಕ್ಕೆ ನನ್ನ ಹೆಸರಾ?" ಎಂದಳು. "ಚೆನ್ನಾಗಿದೆ ನಿಮ್ಮ ಕಥೆ. ಹಲ್ಲು ಮುರಿಸಿದ್ದು ನೀವು, ಹೆಸರು ನಂದು. ಹೊಡೀರಿ ಮೊದಲು ಅದನ್ನ."

ಇಡೀ ಕೋಣೆ ನಕ್ಕಿತು. ಶ್ರುತಿ ಅನುವಾದಿಸಿದ ಮೇಲೆ ಮಾರೈಕೆ ಒಬ್ಬಳೇ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಎಲ್ಲರೆದುರಿಗೆ ಆ ಹೆಸರನ್ನೂ ಹೊಡೆದುಹಾಕಿದೆ. ಈಗ ಅದು ಯಾರೂ ಬರೆಯದ ಪುಸ್ತಕವಾಯಿತು. ಆದ್ಯಾ ಒಂದು ಹಾಳೆಯ ಮೇಲೆ ತನಗೆ ಬರುವ ಕನ್ನಡದಲ್ಲಿ 'ಇನ್ನೂ ನೆನೀತಿದೆ' ಎಂದು ಬರೆದು ಖಾಲಿ ಜಾಗದಲ್ಲಿ ನಿಲ್ಲಿಸಿದಳು. ಕೂಟದ ಹಿರಿಯರು ಅದಕ್ಕೂ ಹಸಿರು ಚೀಟಿ ಅಂಟಿಸಿದರು.

ಆಮ್ಸ್ಟೆಲ್‌ವೀನ್, ಕೊನೆಯ ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಜಲಜ ಶ್ರುತಿಯ ಅಡುಗೆಮನೆಯಿಂದ ಕರೆದಳು. "ನೋಟ್‌ಬುಕ್ ತಗೊಂಡ್ಬನ್ನಿ."

"ಒಲೆ ಮುಟ್ಟಲ್ಲ ಅಂದಿದ್ದೆ?"

"ಒಲೆ ಯಾರು ಮುಟ್ತಾರೆ? ಅದು ನಿಮ್ಮ ಕೆಲಸ. ನಾನು ಹೇಳ್ತೀನಿ. ಸಂಜೆ ಮಾರೈಕೆ ಬರ್ತಾರೆ, ಅವರ ಹಲ್ಲಿಗೆ ಮೆತ್ತಗಿರೋ ನುಚ್ಚಿನುಂಡೆ ಕೊಡ್ಬೇಕು."

ನಾನು ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತೆ. ಒಳಗೆ ಬನ್ನಿ ಎಂದು ಕೈಗೆ ಪಾವು ಕೊಟ್ಟಳು. ಬೇಳೆ ಅಳೆದೆ. ತೊಳೆದೆ. ಮೂರು ಸಲ ತೊಳೆದರೂ ನೀರು ತಿಳಿಯಾಗದ್ದಕ್ಕೆ ಇನ್ನೊಂದು ಸಲ ಎಂದಳು. ಮುಳುಗುವಷ್ಟು ನೀರು ಹಾಕಿ, ಎರಡು ಬೆರಳು ಮೇಲೆ ಎಂದಳು. ನನ್ನ ಬೆರಳೋ ನಿನ್ನ ಬೆರಳೋ ಎಂದು ಕೇಳಿದೆ. ಮಾರೈಕೆಯ ಪಾಠ ನನಗೆ ತಟ್ಟಿತ್ತು. ಅವಳು ಶ್ರುತಿಯ ಅಳತೆಪಟ್ಟಿ ತರಿಸಿ ಬೆರಳು ಅಳೆಸಿ ಬರೆಸಿದಳು. ಪಾತ್ರೆಯನ್ನು ಮುಚ್ಚಿ ಪಕ್ಕಕ್ಕಿಟ್ಟೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಮಾಡಿದ ಮೊದಲ ಅಡುಗೆ ಕೆಲಸ ಅದು.

"ಇನ್ನೆಷ್ಟು ಹೊತ್ತು?" ಎಂದೆ ಪೆನ್ನು ಹಿಡಿದು.

"ಎರಡೂವರೆ ಗಂಟೆ ನೆನೀಬೇಕು. ಆಮೇಲೆ ರುಬ್ಬಿ, ಸೊಪ್ಪು ಕೊಬ್ಬರಿ ಬೆರೆಸಿ, ಹಬೆಗೆ ಇಟ್ಟು ಇಳಿಸೋಕೆ ಅರ್ಧ ಗಂಟೆ."

ಬರೆದುಕೊಂಡೆ. ಕೂಡಿದೆ. ಕರಡು ತಿದ್ದಿದವನ ಕಣ್ಣು, ಲೆಕ್ಕ ತಾಳೆಯಾಗದಿದ್ದರೆ ಮುಂದೆ ಹೋಗುವುದಿಲ್ಲ.

"ಮನೇಲಿ ನಂಗೆ ಎಂಟು ಗಂಟೆಗೆ ತಟ್ಟೇಲಿರುತ್ತಲ್ಲ?"

"ಹ್ಞೂಂ."

"ಹಾಗಾದ್ರೆ ನೀನು ನೆನೆಸೋದು ಎಷ್ಟು ಹೊತ್ತಿಗೆ?"

"ಐದಕ್ಕೆ."

"ನೀನು ಐದಕ್ಕೆ ಏಳ್ತೀಯಾ?"

ಜಲಜ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಾಲ್ಕೂಮುಕ್ಕಾಲಿಗೆ," ಎಂದಳು. "ಬರ್ಕೊಳ್ಳಿ."